ಜೇಮಿ ಸರ್ಸೀಯನ್ನು ‘ಅಕ್ಕ’ ಅನ್ನಬೇಕೇ?

ಅಭಿಮಾನಿ ಕಥೆ (ಇನ್ನೊಬ್ಬರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಫ್ಯಾನ್ ಫಿಕ್ಷನ್) ಬರೆಯುವವರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿಕೊಂಡಾಗ ಒಂದೇ ಷರತ್ತು ಹಾಕಿದ್ದೆ: ಕಣ್ಣಿನ ಬಣ್ಣ ಕೇಳಬಾರದು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಣ್ಣಿನ ಬಣ್ಣದ್ದೇ. ಅವನ್ನು ಮೊದಲು ಸಾಗಹಾಕುತ್ತೇನೆ. ಈ ಸಲದ ಪತ್ರಗಳೆಲ್ಲ ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಸುತ್ತಲೇ ಇವೆ. ಬಂದಿರುವ ಐದೂ ಪುಸ್ತಕ ಓದಿ ಮುಗಿಸದವರು ಇಲ್ಲಿಗೇ ನಿಲ್ಲಿಸಿ. ಗುಟ್ಟುಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಉತ್ತರ ಹೇಳುವುದು ನನ್ನಿಂದಾಗದು.

ಪ್ರಶ್ನೆ: ರೆನ್ಲಿಯ ಕಣ್ಣು ಹಸಿರೋ ನೀಲಿಯೋ? (ತುಮಕೂರು)

ಎರಡೂ ಇದೆ. ತಪ್ಪಿದ್ದು ಲೇಖಕರೇ, ಅದನ್ನು ಒಪ್ಪಿಕೊಂಡವರೂ ಅವರೇ. ಒಂದು ಪುಸ್ತಕದಲ್ಲಿ ಹೆಣ್ಣಾಗಿದ್ದ ಕುದುರೆ ಮುಂದಿನದರಲ್ಲಿ ಗಂಡಾದದ್ದನ್ನೂ ಅವರು ಮುಚ್ಚಿಡಲಿಲ್ಲ. ನಿಮ್ಮ ಕಥೆಯಲ್ಲಿ ರೆನ್ಲಿ ನಿದ್ದೆ ಮಾಡುತ್ತಿರಲಿ.

ಪ್ರಶ್ನೆ: ಪುಸ್ತಕ ನೋಡಬೇಕೋ ಟೀವಿ ಧಾರಾವಾಹಿ ನೋಡಬೇಕೋ? (ಹಾಸನ)

ಯಾವುದಾದರೂ ಸರಿ, ಒಂದನ್ನು ಹಿಡಿಯಿರಿ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಯಾರಾ ಪುಸ್ತಕದಲ್ಲಿ ಆಶಾ. ಅಷ್ಟಕ್ಕೇ ಮುಗಿದಿದ್ದರೆ ಹೆಸರು ತಿದ್ದಿಕೊಂಡು ಹೋಗಬಹುದಿತ್ತು. ರಾಬ್‌ನ ಹೆಂಡತಿ ಅಲ್ಲಿ ಟಲೀಸಾ, ಇಲ್ಲಿ ಜೇನ್ ವೆಸ್ಟರ್ಲಿಂಗ್. ಇವರು ಬೇರೆ ಬೇರೆ ಹೆಂಗಸರು, ಬೇರೆ ಬೇರೆ ಮನೆತನದವರು. ಪುಸ್ತಕ ಶುರುವಾಗುವಾಗ ಡೆನೇರಿಸ್‌ಗೆ 13, ಸಾನ್ಸಾಗೆ 11, ಆರ್ಯಾಗೆ 9, ಬ್ರಾನ್‌ಗೆ 7. ಧಾರಾವಾಹಿಯವರು ಎಲ್ಲರ ವಯಸ್ಸನ್ನೂ ಏರಿಸಿದರು. ಅಲ್ಲಿನ ಮುಖಕ್ಕೆ ಇಲ್ಲಿನ ವಯಸ್ಸು ಅಂಟಿಸಿ ಪ್ರಣಯ ಬರೆದು ನನಗೆ ಕಳಿಸುವವರಿಗೆ ನಾನು ಉತ್ತರವನ್ನೇ ಬರೆಯುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. 22 ಅಧ್ಯಾಯ ಆಗಿದೆ. ಎಕ್ಸೆಲ್‌ನಲ್ಲಿ ಪ್ರತಿ ಪಾತ್ರಕ್ಕೂ ಒಂದು ಸಾಲು, 40 ಕಾಲಂ: ಎತ್ತರ, ಕೂದಲು, ಕತ್ತಿಯ ಹೆಸರು, ಇಷ್ಟದ ಊಟ ಎಲ್ಲಾ. ಆದರೂ ಓದಿದವರು ‘ಇವನು ಹೀಗೆ ಮಾತಾಡಲ್ಲ’, ‘ಇದು ಇವಳಿಗೆ ಹೇಗೆ ಗೊತ್ತಾಯ್ತು’ ಅಂತಾರೆ. ಇನ್ನೇನು ಸೇರಿಸಲಿ? (ಶಿರಸಿ)

ಏನನ್ನೂ ಸೇರಿಸಬೇಡಿ. 40ರಲ್ಲಿ 35ನ್ನು ಅಳಿಸಿ.

ನೀವು ಮಾಡಿಟ್ಟುಕೊಂಡಿರುವುದು ಮದುವೆ ದಲ್ಲಾಳಿಯ ಕೈಲಿರುವಂಥ ಬಯೋಡೇಟಾ. ಎತ್ತರ, ಬಣ್ಣ, ಗೋತ್ರ, ನಕ್ಷತ್ರ ಎಲ್ಲ ಇದೆ. ಇವರಿಬ್ಬರು ಒಂದು ಮನೆಯಲ್ಲಿ ಕೂತರೆ ಏನು ಮಾತಾಡಿಯಾರು ಎಂಬುದು ಮಾತ್ರ ಇಲ್ಲ. ಕಥೆ ಜಾರುವುದು ಆ ಜಾಗದಲ್ಲೇ. ಒಬ್ಬನ ಒಳಗಲ್ಲ, ಇಬ್ಬರ ನಡುವೆ. ಆದ್ದರಿಂದ ಪಾತ್ರಕ್ಕೊಂದು ಸಾಲು ಬೇಡ, ಜೋಡಿಗೊಂದು ಪುಟ ಇಡಿ. ಜಾನ್–ಸ್ಯಾಮ್ ಒಂದು ಪುಟ. ಜೇಮಿ–ಬ್ರಿಯೆನ್ ಒಂದು ಪುಟ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಸಾಕು. ‘ಪಾತ್ರ ಬೈಬಲ್’ ಎಂದು ದುಡ್ಡಿಗೆ ಟೆಂಪ್ಲೇಟ್ ಮಾರುವವರಿದ್ದಾರೆ, ಅದರಲ್ಲಿ ನಿಮ್ಮ ನಾಯಕನಿಗೆ ಯಾವ ಐಸ್‌ಕ್ರೀಮ್ ಇಷ್ಟ ಎಂಬ ಪ್ರಶ್ನೆಯೂ ಇರುತ್ತದೆ. ಉತ್ತರದ ಗಡಿಗೋಡೆಯ ಮೇಲೆ ಹಿಮದಲ್ಲಿ ಕಾವಲು ನಿಂತವನಿಗೆ ಐಸ್‌ಕ್ರೀಮ್!

ಜೋಡಿಯ ಪುಟದಲ್ಲಿ ಮೊದಲು ಬರೆಯಬೇಕಾದ್ದು, ಯಾವಾಗ ಯಾರಿಗೆ ಏನು ಗೊತ್ತಿತ್ತು ಎಂಬುದು. ರಾಬ್‌ನ ತಮ್ಮಂದಿರಾದ ಬ್ರಾನ್ ಮತ್ತು ರಿಕಾನ್ ಬದುಕಿದ್ದಾರೆಂಬ ಒಂದೇ ವಿಷಯವನ್ನು ತೆಗೆದುಕೊಳ್ಳಿ. ಅವರನ್ನು ಕೊಂದೆನೆಂದು ಸಾರಿದ ಥಿಯಾನ್ ನಿಜಕ್ಕೂ ಕೊಂದದ್ದು ಗಿರಣಿಯವನ ಮಕ್ಕಳನ್ನು ಎಂದು ಓದುಗರಾದ ನಮಗೆ ಎರಡನೆಯ ಪುಸ್ತಕದಲ್ಲೇ ತಿಳಿಯುತ್ತದೆ. ಥಿಯಾನ್‌ಗಂತೂ ಗೊತ್ತೇ ಇದೆ. ತಾಯಿ ಕ್ಯಾಟಲಿನ್‌ಗೆ ಗೊತ್ತಿಲ್ಲ. ರಾಬ್‌ಗೆ ಗೊತ್ತಿಲ್ಲ; ತನಗೆ ಉತ್ತರಾಧಿಕಾರಿ ಯಾರೆಂದು ಅವನು ಚಿಂತೆಗೆ ಬಿದ್ದದ್ದೇ ತಮ್ಮಂದಿರು ಹೋದರು ಎಂಬ ನಂಬಿಕೆಯಲ್ಲಿ. ಜಾನ್‌ಗೆ ಗೊತ್ತಿಲ್ಲ. ಮೂರನೆಯ ಪುಸ್ತಕದಲ್ಲಿ ಸ್ಯಾಮ್ ನೈಟ್‌ಫೋರ್ಟ್‌ನಲ್ಲಿ ಬ್ರಾನ್‌ನನ್ನು ಕಣ್ಣಾರೆ ಕಾಣುತ್ತಾನೆ, ಯಾರಿಗೂ ಹೇಳೆನೆಂದು ಮಾತು ಕೊಡುತ್ತಾನೆ. ಆಮೇಲೆ ಜಾನ್ ಎದುರಿಗೆ ಬಂದಾಗಲೂ ಬಾಯಿ ಬಿಡುವುದಿಲ್ಲ. ಐದನೆಯದರಲ್ಲಿ ರಿಕಾನ್‌ನ ಸುದ್ದಿ ಮ್ಯಾಂಡರ್ಲಿಯಿಂದ ಡಾವೋಸ್‌ಗೆ ದಾಟುತ್ತದೆ, ಜಾನ್‌ವರೆಗೆ ಬರುವುದೇ ಇಲ್ಲ.

ಇದನ್ನು ಬರೆದಿಟ್ಟುಕೊಂಡರೆ ಸ್ಯಾಮ್ ಮತ್ತು ಜಾನ್ ಒಂದು ಕೋಣೆಯಲ್ಲಿ ಕೂತ ಯಾವ ದೃಶ್ಯವೂ ಸಲೀಸಾಗಿ ಬರೆಯಲಾಗದು. ಒಬ್ಬನ ಗಂಟಲಲ್ಲಿ ಮುಳ್ಳಿದೆ, ಇನ್ನೊಬ್ಬ ಮನಸ್ಸಿನೊಳಗೇ ತಮ್ಮನ ತಿಥಿ ಮಾಡಿ ಮುಗಿಸಿದ್ದಾನೆ. ನೀವು ಕಳಿಸಿದ 14ನೇ ಅಧ್ಯಾಯದಲ್ಲಿ ಜಾನ್ ‘ಬ್ರಾನ್ ಈಗ ಎಲ್ಲಿದ್ದಾನೋ’ ಎಂದು ನಿಟ್ಟುಸಿರು ಬಿಡುತ್ತಾನೆ. ಸತ್ತವನನ್ನು ಯಾರೂ ಎಲ್ಲಿದ್ದಾನೋ ಅನ್ನುವುದಿಲ್ಲ. ಅದು ಜಾನ್‌ನ ಮಾತಲ್ಲ, ಪುಸ್ತಕ ಓದಿದ ನಿಮ್ಮ ಮಾತು ಅವನ ಬಾಯಲ್ಲಿ ಬಂದಿದೆ. ಓದಿದವರು ‘ಹೇಗೆ ಗೊತ್ತಾಯ್ತು’ ಎಂದು ಕೇಳಿದ್ದು ಸರಿಯಾಗೇ ಇದೆ.

ಬೋಲ್ಟನ್ ಮನೆಗೆ ಮದುವೆ ಮಾಡಿಕೊಟ್ಟ ‘ಆರ್ಯಾ’ ನಿಜಕ್ಕೂ ಸಾನ್ಸಾಳ ಗೆಳತಿ ಜೇನ್ ಪೂಲ್. ಥಿಯಾನ್‌ಗೆ ಗೊತ್ತು, ಗೋಡೆಯ ಮೇಲಿರುವ ಜಾನ್‌ಗೆ ಗೊತ್ತಿಲ್ಲ. ಇದಕ್ಕೂ ಅದೇ ಲೆಕ್ಕ. ಸುದ್ದಿ ತರುವ ರೇವನ್ ಹಕ್ಕಿ ಹಾರುವುದು ಕೋಟೆಯಿಂದ ಕೋಟೆಗೆ. ಕಾಡುದಾರಿಯಲ್ಲಿ ನಡೆಯುತ್ತಿರುವ ಆರ್ಯಾಳನ್ನು ಹುಡುಕಿಕೊಂಡು ಬಂದು ಅದು ಹೆಗಲ ಮೇಲೆ ಕೂರುವುದಿಲ್ಲ. ನಿಮ್ಮದರಲ್ಲಿ ಎರಡು ಸಲ ಕೂತಿದೆ.

ಈ ಪುಟವನ್ನು ಪುಸ್ತಕದ ಕ್ರಮದಲ್ಲಿ ಬರೆಯಬೇಡಿ, ಘಟನೆಯ ಕ್ರಮದಲ್ಲಿ ಬರೆಯಿರಿ. ನಾಲ್ಕನೆಯದು ಬಂದದ್ದು 2005ರಲ್ಲಿ, ಐದನೆಯದು 2011ರಲ್ಲಿ. ಆದರೆ ಕಥೆಯೊಳಗೆ ಐದನೆಯದರ ದೊಡ್ಡ ಭಾಗ ನಾಲ್ಕನೆಯದರ ಜತೆಜತೆಗೇ ನಡೆಯುತ್ತದೆ. ಲೇಖಕರು ಕಾಲವನ್ನು ಸೀಳಲಿಲ್ಲ, ಊರುಗಳನ್ನು ಹಂಚಿದರು. ಸ್ಯಾಮ್‌ನನ್ನು ಓಲ್ಡ್‌ಟೌನ್‌ಗೆ ಕಳಿಸುವ ಮಾತುಕತೆ ಎರಡು ಪುಸ್ತಕದಲ್ಲೂ ಬರುತ್ತದೆ, ಒಮ್ಮೆ ಸ್ಯಾಮ್‌ನ ಕಡೆಯಿಂದ, ಒಮ್ಮೆ ಜಾನ್‌ನ ಕಡೆಯಿಂದ. ಅವೆರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನನ್ನ ಅಂಕಣ ಹತ್ತು ಸಲ ಓದುವುದಕ್ಕಿಂತ ಅದರಿಂದ ಹೆಚ್ಚು ಕಲಿಯುತ್ತೀರಿ.

ಇನ್ನು ‘ಇವನು ಹೀಗೆ ಮಾತಾಡಲ್ಲ’ ಎಂಬ ದೂರು. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇಲ್ಲದ ಒಂದು ಪರೀಕ್ಷೆ ನಿಮಗಿದೆ. ಅಲ್ಲಿ ‘ಅಂಕಲ್’ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಕನ್ನಡ ಕೊರಳಪಟ್ಟಿ ಹಿಡಿದು ಕೇಳುತ್ತದೆ: ಅಪ್ಪನ ಕಡೆಯೋ ಅಮ್ಮನ ಕಡೆಯೋ, ದೊಡ್ಡವರೋ ಚಿಕ್ಕವರೋ? ಸ್ಟಾರ್ಕ್ ಮಕ್ಕಳಿಗೆ ಬೆಂಜನ್ ಚಿಕ್ಕಪ್ಪ, ತೀರಿಹೋದ ಬ್ರ್ಯಾಂಡನ್ ದೊಡ್ಡಪ್ಪ, ಎಡ್ಮ್ಯೂರ್ ಸೋದರಮಾವ, ಲೈಸಾ ಚಿಕ್ಕಮ್ಮ. ನೀವು ಎಡ್ಮ್ಯೂರ್‌ನನ್ನು ಮೂರು ಅಧ್ಯಾಯ ಚಿಕ್ಕಪ್ಪ ಮಾಡಿದ್ದೀರಿ. ಅದಕ್ಕೆ ವಂಶವೃಕ್ಷ ಬೇಕಿರಲಿಲ್ಲ, ಒಂದು ಸಲ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.

ಜಾನ್ ರಾಬ್‌ನನ್ನು ಅಣ್ಣ ಅನ್ನಬೇಕೋ ತಮ್ಮ ಅನ್ನಬೇಕೋ? ಆರಂಭದಲ್ಲಿ ಇಬ್ಬರಿಗೂ 14, ಅದರ ಮೇಲೆ ಜಾನ್‌ನ ಹುಟ್ಟೇ ಒಂದು ಗುಟ್ಟು. ಅಣ್ಣ ಎಂದ ಕೂಡಲೇ ಲೇಖಕರು ಕಟ್ಟಿಟ್ಟ ಗಂಟನ್ನು ನೀವು ಬಿಚ್ಚಿದಂತಾಯಿತು. ಹೆಸರು ಹಿಡಿದು ಕರೆಯಲಿ ಬಿಡಿ.

ಜೇಮಿ ಮತ್ತು ಸರ್ಸೀ ಅವಳಿಗಳು. ಮೊದಲು ಹುಟ್ಟಿದವಳು ಸರ್ಸೀ, ಜೇಮಿ ಅವಳ ಕಾಲು ಹಿಡಿದುಕೊಂಡೇ ಹೊರಬಂದ ಎಂದು ಪುಸ್ತಕದಲ್ಲೇ ಇದೆ. ಲೆಕ್ಕಕ್ಕೆ ಅವಳು ಅಕ್ಕ. ಆದರೆ ಅವರಿಬ್ಬರ ನಡುವೆ ಇರುವುದು ಪ್ರಣಯ ಎಂದು ಗೊತ್ತಿದ್ದೂ ಏಕಾಂತದ ದೃಶ್ಯದಲ್ಲಿ ಜೇಮಿಯ ಬಾಯಲ್ಲಿ ‘ಅಕ್ಕಾ’ ಎಂದು ಬರೆದು ಕಳಿಸಿದ ಮಹಾನುಭಾವರೊಬ್ಬರಿದ್ದರು. ಓದಿ ಎದ್ದು ಹೋಗಿ ನೀರು ಕುಡಿದೆ. ಸಂಬಂಧ ಸರಿ, ಮಾತು ತಪ್ಪು. ಆ ಪದದ ಹಕ್ಕು ಅವರ ತಮ್ಮ ಟಿರಿಯನ್‌ಗೆ ಮಾತ್ರ, ಅದೂ ಬೆಲ್ಲದಲ್ಲಿ ಅದ್ದಿದ ಮುಳ್ಳಿನ ಹಾಗೆ.

ಏಕವಚನ, ಬಹುವಚನವನ್ನೂ ಇದೇ ಪುಟದಲ್ಲಿ ಗುರುತು ಹಾಕಿ. ಬ್ರಿಯೆನ್‌ಳನ್ನು ಜೇಮಿ ಶುರುವಿನಲ್ಲಿ ಹೆಸರಿನಿಂದಲೂ ಕರೆಯುವುದಿಲ್ಲ. ನನ್ನ ಕೈಯಲ್ಲಿದ್ದರೆ ಹ್ಯಾರನ್‌ಹಾಲ್‌ನ ಸ್ನಾನಗೃಹದವರೆಗೆ ‘ಏ, ನೀನು’, ಕತ್ತಿ ಕೊಟ್ಟು ಕಳಿಸುವ ಹೊತ್ತಿಗೆ ‘ನೀವು’. ನಿಮ್ಮದರಲ್ಲಿ ಒಂದೇ ಪುಟದಲ್ಲಿ ‘ನೀನು ಬನ್ನಿ’ ಎಂದಿದೆ. ಸ್ಯಾಮ್ ಮೊದಲಿಂದಲೂ ಜಾನ್‌ಗೆ ‘ನೀನು’ ಅನ್ನುವವನು. ಜಾನ್ ಲಾರ್ಡ್ ಕಮ್ಯಾಂಡರ್ ಆದ ಮರುದಿನ ಏನನ್ನುತ್ತಾನೆ? ಉತ್ತರ ನಿಮ್ಮದು. ಆದರೆ ಒಮ್ಮೆ ತೀರ್ಮಾನಿಸಿದ ಮೇಲೆ ಕಾರಣವಿಲ್ಲದೆ ಬದಲಾಗಬಾರದು. ಕಾರಣವಿದ್ದು ಬದಲಾದರೆ ಅದೇ ಒಂದು ದೃಶ್ಯ.

ಕೊನೆಯದು ಸಾಕ್ಷಿ. ನೀವು ಬರೆದುಕೊಳ್ಳುವ ಪ್ರತಿ ಸಂಗತಿಯ ಮುಂದೆ ಯಾವ ಪುಸ್ತಕ, ಯಾರ ಅಧ್ಯಾಯ, ಹೇಳಿದವರು ಯಾರು ಎಂದು ಇರಬೇಕು. ಈ ಸರಣಿಯಲ್ಲಿ ಪ್ರತಿ ಅಧ್ಯಾಯವೂ ಒಬ್ಬರ ಕಣ್ಣಿನಿಂದ ಬರುತ್ತದೆ, ಆ ಕಣ್ಣು ಸುಳ್ಳು ಹೇಳಬಹುದು. ಬ್ಲ್ಯಾಕ್‌ವಾಟರ್ ಯುದ್ಧದ ರಾತ್ರಿ ಹೌಂಡ್ ಎಂಬ ಅಡ್ಡಹೆಸರಿನ ಯೋಧ ತನಗೆ ಮುತ್ತು ಕೊಟ್ಟನೆಂದು ಸಾನ್ಸಾ ಆಮೇಲೆ ನೆನೆಯುತ್ತಾಳೆ. ಆ ರಾತ್ರಿಯ ಅಧ್ಯಾಯ ತೆಗೆದು ನೋಡಿ, ಮುತ್ತೇ ಇಲ್ಲ. ಇದು ಕುದುರೆಯಂಥ ತಪ್ಪಲ್ಲ, ಬೇಕೆಂದೇ ಹಾಗಿಟ್ಟದ್ದು ಎಂದು ಲೇಖಕರು ಹೇಳಿದ್ದಾರೆ. ಸಾಕ್ಷಿಯ ಕಾಲಂ ಇಲ್ಲದವರ ಪಟ್ಟಿಯಲ್ಲಿ ಅದು ‘ಮುತ್ತು: ಹೌದು’ ಎಂದಾಗಿ ಕೂತಿರುತ್ತದೆ. ಇರುವವರ ಪಟ್ಟಿಯಲ್ಲಿ ‘ಮುತ್ತು: ಸಾನ್ಸಾ ಹೇಳುತ್ತಾಳೆ’. ಎರಡನೆಯವರು ಬರೆಯುವ ಸಾನ್ಸಾಳೇ ಬೇರೆ.

ವಿಕಿಯನ್ನು ನೋಡಬೇಡಿ ಅನ್ನುವುದಿಲ್ಲ. ಅಲ್ಲಿನ ವಾಕ್ಯವನ್ನಲ್ಲ, ಅದರ ಬಾಲದಲ್ಲಿರುವ ಅಧ್ಯಾಯದ ಹೆಸರನ್ನು ತೆಗೆದುಕೊಂಡು ಪುಸ್ತಕಕ್ಕೆ ಹೋಗಿ.

ಪ್ರಶ್ನೆ: ಚಾಟ್‌ಬಾಟ್‌ಗೆ ಐದೂ ಪುಸ್ತಕ ಬಾಯಿಪಾಠ. ಅದನ್ನೇ ಕೇಳಿದರೆ ಸಾಲದೇ? (ಬೆಂಗಳೂರು)

ಕಳೆದ ತಿಂಗಳು ಬಂದ ಕಥೆಯೊಂದರಲ್ಲಿ ಡಾವೋಸ್‌ನ ಬಲಗೈ ಬೆರಳುಗಳು ತುಂಡಾಗಿದ್ದವು. ಪುಸ್ತಕದಲ್ಲಿ ಸ್ಟ್ಯಾನಿಸ್ ಕತ್ತರಿಸಿದ್ದು ಎಡಗೈಯವನ್ನು. ಎಲ್ಲಿಂದ ತಂದಿರಿ ಎಂದರೆ ‘ಎಐ ಹೇಳಿತು’. ಅದು ಧಾರಾವಾಹಿ, ಪುಸ್ತಕ, ಇನ್ನಾರೋ ಬರೆದ ಅಭಿಮಾನಿ ಕಥೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸುತ್ತದೆ, ಜತೆಗೆ ಅಧ್ಯಾಯದ ಸಂಖ್ಯೆಯನ್ನೂ ಹುಟ್ಟಿಸಿ ಹೇಳುತ್ತದೆ. ಗೊತ್ತಿಲ್ಲದ ಊರಿನ ದಾರಿಯನ್ನು ಧೈರ್ಯವಾಗಿ ತೋರಿಸುವವರ ಜಾತಿ.

ಪ್ರಶ್ನೆ: ಪ್ರತಿ ಅಧ್ಯಾಯಕ್ಕೂ ತಿಂಗಳು, ತಾರೀಕು ಹಾಕಿದ ಪಟ್ಟಿ ಸಿಕ್ಕಿದೆ. ಇದೇ ಪ್ರಮಾಣವೇ? (ಕಲಬುರಗಿ)

ಅಭಿಮಾನಿಗಳು ಶ್ರಮ ಪಟ್ಟು ಮಾಡಿದ ಅಂದಾಜು ಅದು. ಏಗನ್‌ನ ದಂಡಯಾತ್ರೆಯಿಂದ ಎಣಿಸಿದರೆ ಐದು ಪುಸ್ತಕಗಳ ಕಥೆ ಹೆಚ್ಚುಕಡಿಮೆ 298ರಿಂದ 300ನೇ ವರ್ಷದೊಳಗೆ ಮುಗಿಯುತ್ತದೆ. ನಾವು ಮುಂದಿನದಕ್ಕೆ ಕಾದು ಮುದುಕರಾದೆವು, ಆರ್ಯಾಗೆ ಇನ್ನೂ 11.

ಪ್ರಶ್ನೆ: ನನ್ನ ಕಥೆಯನ್ನು ಅಚ್ಚು ಹಾಕಿಸಿ ಮಾರಬಹುದೇ? (ಮೈಸೂರು)

ಬೇಡ. ಅಭಿಮಾನಿ ಕಥೆಗಳೆಂದರೆ ತಮಗೆ ಹಿಡಿಸದು ಎಂದು ಮಾರ್ಟಿನ್ ಬಹಿರಂಗವಾಗಿಯೇ ಹೇಳಿದ್ದಾರೆ. ಪಾತ್ರಗಳು ಅವರವು.

ಪ್ರಶ್ನೆ: ಮೂಲವನ್ನು ಬದಲಾಯಿಸುವುದೇ ತಪ್ಪು ಅಂತೀರಾ? (ಗದಗ)

ಯಾರಂದರು? 10ನೇ ಶತಮಾನದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಮರೆತು ಮಾಡಿದ್ದಲ್ಲ, ತನ್ನ ರಾಜ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನು ಅವನು. ಆದರೂ ಮುಂದೆ ದುಶ್ಶಾಸನನ ರಕ್ತಕ್ಕೆ ಶಪಥ ಮಾಡುವವನು ಭೀಮನೇ, ಆ ಮುಡಿ ಕಟ್ಟುವವನೂ ಭೀಮನೇ. ಗಂಡ ಸುಮ್ಮನಿದ್ದು ಭಾವ ಯಾಕೆ ಮುಡಿ ಕಟ್ಟುತ್ತಾನೆ? ಒಂದು ಎಳೆ ಬದಲಿಸಿದರೆ ಇಪ್ಪತ್ತು ಕಡೆ ಗಂಟು ಬೀಳುತ್ತದೆ, ಪಂಪನಿಗೂ ಬಿದ್ದಿದೆ. ಅವನು ಪಂಪ, ದಕ್ಕಿಸಿಕೊಂಡ. ನೀವು ಬದಲಿಸುವ ಮುನ್ನ ಆ ಇಪ್ಪತ್ತನ್ನೂ ಪಟ್ಟಿ ಮಾಡಿ.

ಪ್ರಶ್ನೆ: ಎಲ್ಲರನ್ನೂ ಬೈಯುತ್ತೀರಲ್ಲ, ನೀವು ಒಂದೂ ತಪ್ಪು ಮಾಡಿಲ್ಲವೇ? (ಹೆಸರು, ಊರು ಬರೆದಿಲ್ಲ)

ಮಾಡಿದ್ದೇನೆ. ಬ್ಲ್ಯಾಕ್‌ವಾಟರ್ ಯುದ್ಧದಲ್ಲಿ ಟಿರಿಯನ್‌ನ ಮೂಗಿನ ಹೆಚ್ಚು ಭಾಗ ಹೋಗುತ್ತದೆ. ಅದಾದ ಮೇಲಿನ ಕಥೆ ನನ್ನದು. ಒಂಬತ್ತು ಅಧ್ಯಾಯಗಳಲ್ಲಿ ಅವನು ಊಟ ಕಂಡು ಮೂಗು ಮುರಿದ, ಸರ್ಸೀಯ ವಿಷಯದಲ್ಲಿ ಮೂಗು ತೂರಿಸಿದ, ಸಿಟ್ಟು ಬಂದಾಗಲೆಲ್ಲ ಮೂಗಿನ ತುದಿ ಕೆಂಪಾಯಿತು. ಕನ್ನಡದ ನುಡಿಗಟ್ಟುಗಳು ಇಷ್ಟೊಂದು ಮೂಗಿಗೆ ಜೋತುಬಿದ್ದಿವೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ದೊಡ್ಡ ದೊಡ್ಡ ಓದುಗರೆಲ್ಲ ಹೊಗಳಿ ಬರೆದರು. ಕೊನೆಗೆ ದಾವಣಗೆರೆಯಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಎರಡೇ ಪದ ಬರೆದು ಕಳಿಸಿದಳು: ‘ಯಾವ ಮೂಗು?’