ಅಂಚೆ ಚೀಟಿಯ ಮೇಲೆ ಮೊದಲು ಬಂದ ಪ್ರಾಣಿ ಯಾವುದು?

ರಾಜ್ಯ ಲಾಂಛನದೊಳಗಿನ ಪ್ರಾಣಿಗಳನ್ನು ಬಿಟ್ಟು, ಹಕ್ಕಿಯನ್ನೂ ಲೆಕ್ಕಕ್ಕೆ ಹಿಡಿದರೆ ಪಾರಿವಾಳ. ಸ್ವಿಟ್ಜರ್ಲೆಂಡಿನ ಬಾಸೆಲ್ 1845ರಲ್ಲಿ ತಂದ ಸ್ಟಾಂಪಿನಲ್ಲಿ ಕೊಕ್ಕಿನಲ್ಲಿ ಕಾಗದ ಕಚ್ಚಿಕೊಂಡ ಬಿಳಿ ಪಾರಿವಾಳವಿದೆ. ಬೆರಳಾಡಿಸಿದರೆ ತಿಳಿಯುವಂತೆ ಅದನ್ನು ಉಬ್ಬಿಸಿ ಅಚ್ಚು ಹಾಕಿದ್ದರು. ಆದರೆ ಅದು ಅಂಚೆಯ ಗುರುತು ಅಷ್ಟೇ, ಕಾಡಿನ ಹಕ್ಕಿ ಅಲ್ಲ.

ಕಾಡುಪ್ರಾಣಿಯೇ ಬೇಕು ಅಂದರೆ ನನ್ನ ಉತ್ತರ ಬೀವರ್, ತೊರೆಗಳಲ್ಲಿ ಬದುಕುವ ದೊಡ್ಡ ಇಲಿಯಂಥ ಪ್ರಾಣಿ. 1851ರಲ್ಲಿ ಕೆನಡಾ ಪ್ರಾಂತ್ಯ ತಂದ ಮೂರು ಪೆನ್ಸ್ ಸ್ಟಾಂಪಿನಲ್ಲಿ ಅದು ತೊರೆಯ ಪಕ್ಕ ಕೂತಿದೆ. ಚಿತ್ರ ಬರೆದವರು ಸ್ಯಾಂಡ್‌ಫರ್ಡ್ ಫ್ಲೆಮಿಂಗ್, ವೃತ್ತಿಯಲ್ಲಿ ಎಂಜಿನಿಯರ್. ಆಗೆಲ್ಲ ಸ್ಟಾಂಪು ಅಂದರೆ ಜಾಸ್ತಿ ರಾಜ ರಾಣಿಯರ ಮುಖವೇ. ಅಲ್ಲಿ ಬೀವರ್ ಸುಮ್ನೆ ಬಂದು ಕೂತಿದ್ದಲ್ಲ. ಅದರ ತುಪ್ಪಳದ ವ್ಯಾಪಾರದಿಂದಲೇ ಆ ನಾಡು ಬೆಳೆದಿತ್ತು.

ಮೂರು ವರ್ಷದ ನಂತರ, 1854ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾ ತನ್ನ ಕಪ್ಪು ಹಂಸವನ್ನು ತಂದಿತು. ಹಂಸ ಅಂದರೆ ಬಿಳಿಯೇ ಅಂದುಕೊಂಡಿದ್ದ ಯೂರೋಪಿನವರಿಗೆ ಅಲ್ಲಿನ ನದಿಯಲ್ಲಿ ಕಪ್ಪು ಹಂಸ ಕಂಡಾಗ ಅಚ್ಚರಿಯಾಗಿತ್ತು. ಇದರ ನಾಲ್ಕು ಪೆನ್ಸ್ ಸ್ಟಾಂಪಿನಲ್ಲಿ ಒಂದು ತಮಾಷೆಯ ತಪ್ಪಿದೆ. ಕೆಲವು ಪ್ರತಿಗಳಲ್ಲಿ ಹಂಸ ತಲೆಕೆಳಗಾಗಿದೆ, 'ತಲೆಕೆಳಗಾದ ಹಂಸ' ಎಂದೇ ಅದಕ್ಕೆ ಹೆಸರು. ನಿಜಕ್ಕೂ ಹಂಸ ಸರಿಯಾಗೇ ಇತ್ತು! ಅಚ್ಚಿನ ಕಲ್ಲು ಸಿದ್ಧಪಡಿಸುವಾಗ ಸುತ್ತಲಿನ ಚೌಕಟ್ಟು ಉಲ್ಟಾ ಕೂತಿತ್ತು. ಅಕ್ಷರ ಓದಲು ಸ್ಟಾಂಪು ತಿರುಗಿಸಿದರೆ ಪಾಪ, ಹಂಸದ ತಲೆ ಕೆಳಗೆ. ಉಳಿದಿರುವುದು ಬೆರಳೆಣಿಕೆಯಷ್ಟು, ಹಾಗಾಗಿ ಸಂಗ್ರಹಕಾರರಿಗೆ ಅದೇ ಚಿನ್ನ.