ಟಿವಿ ನೋಡಿ ಕಲಿತದ್ದು ಮೂರನೇ ದಿನಕ್ಕೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಮಗನಿಗೆ ಐದು ವರ್ಷ. ಬೇಡ ಅಂದರೆ ಕಿರುಚುತ್ತಾನೆ, ಒದೆಯುತ್ತಾನೆ. ಟಿವಿ ಕಾರ್ಯಕ್ರಮದಲ್ಲಿ ತೋರಿಸಿದಂತೆ ಅವನ ರಂಪವನ್ನು ಗಮನಿಸದೆ ಬಿಟ್ಟೆ. ಮೂರು ದಿನಕ್ಕೆ ಹಟ ಇನ್ನೂ ಜಾಸ್ತಿಯಾಯಿತು. ಇಂಥ ಕಾರ್ಯಕ್ರಮಗಳಿಂದ ಉಪಯೋಗ ಇದೆಯಾ?

ಉತ್ತರ: ಇದೆ. ಮೊದಮೊದಲು ಹಟ ಜಾಸ್ತಿಯಾಗುತ್ತದೆ ಅಂತ ಎಷ್ಟು ಸಲ ಹೇಳಿದರೂ ಜನ ಮೂರನೇ ದಿನವೇ ಕೈಬಿಡುತ್ತಾರೆ, ನನಗೆ ಬೇಸರವಾಗುವುದು ಅಲ್ಲೇ. ಇಷ್ಟು ದಿನ ಕಿರುಚಿದರೆ ಕೇಳಿದ್ದು ಸಿಗುತ್ತಿತ್ತು. ಈಗ ಸಿಗುತ್ತಿಲ್ಲ, ಅದಕ್ಕೇ ಇನ್ನೂ ಜೋರಾಗಿ ಕಿರುಚಿ ನೋಡುತ್ತಾನೆ. ಆ ಹೊತ್ತಿನಲ್ಲಿ ಸೋತು ಕೊಟ್ಟರೆ, ಇಷ್ಟು ಜೋರಾಗಿ ಕಿರುಚಿದರೆ ಸಾಕು ಅಂತ ನೀವೇ ಕಲಿಸಿದ ಹಾಗೆ. ಟಿವಿಯವರು ನಲವತ್ತು ನಿಮಿಷದ ರಂಪವನ್ನು ಅರ್ಧ ನಿಮಿಷಕ್ಕೆ ಕತ್ತರಿಸಿರುತ್ತಾರೆ. ನಿಮ್ಮ ಮನೆಯಲ್ಲಿ ಆ ಕತ್ತರಿ ಇಲ್ಲ.

ಬ್ರಿಟನ್ನಿನ ಐಟಿವಿ ವಾಹಿನಿ 2005ರಲ್ಲಿ ಇಂಥ ಮಕ್ಕಳಿರುವ ಮನೆಗಳ ಕುರಿತು ಆರು ಕಂತುಗಳ ಸರಣಿ ತೋರಿಸಿತು. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಸ್ಯಾಂಡರ್ಸ್ ರೂಪಿಸಿದ ಟ್ರಿಪಲ್ ಪಿ ಎಂಬ ಪೋಷಕರ ತರಬೇತಿ ಅದಕ್ಕೆ ಆಧಾರ. ಅದನ್ನು ನೋಡಿದರೆ ಏನಾಗುತ್ತದೆ ಅಂತ 454 ಕುಟುಂಬಗಳ ಅಧ್ಯಯನವೂ ನಡೆಯಿತು. ಬರೀ ನೋಡಿದವರೂ ಮಕ್ಕಳ ನಡವಳಿಕೆ ಸುಧಾರಿಸಿತು ಎಂದರು. ಜೊತೆಗೆ ಅಭ್ಯಾಸ ಪುಸ್ತಕ ಮತ್ತು ವೆಬ್ ನೆರವು ಪಡೆದವರಿಗೆ ಇನ್ನೂ ಜಾಸ್ತಿ ಲಾಭವಾಯಿತು. ನೋಡಿದ್ದನ್ನು ಮನೆಯಲ್ಲಿ ಮಾಡಿ ನೋಡಬೇಕು, ಅಲ್ವಾ?

ಹಾಗಾಗಿ ಮಗು ಮಲಗಿದ ಮೇಲೆ ಒಂದು ಕಂತು ನೋಡಿ. ಒಂದೇ ಉಪಾಯ ಆರಿಸಿ, ಎರಡು ವಾರ ಅದನ್ನೇ ಮಾಡಿ. ಮನೆಯಲ್ಲಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಇನ್ನೊಂದು ಕೋಣೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಬಗ್ಗಿ, ಕಣ್ಣು ನೋಡಿ, "ಬ್ಲಾಕುಗಳನ್ನು ಡಬ್ಬಿಗೆ ಹಾಕು" ಅನ್ನಿ. ಐದು ಸೆಕೆಂಡು ಸುಮ್ನೆ ಕಾಯಿರಿ. ಒಂದು ಬ್ಲಾಕು ಒಳಗೆ ಬಿದ್ದರೂ ಸರಿ, "ಹೇಳಿದ ತಕ್ಷಣ ಹಾಕಿದೆ, ನಂಗೆ ಖುಷಿಯಾಯ್ತು" ಅನ್ನಿ. ಬರೀ "ಜಾಣ" ಅಂದರೆ ಏನು ಮಾಡಿದ್ದಕ್ಕೆ ಅಂತ ಅವನಿಗೆ ಗೊತ್ತಾಗಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಗೊಣಗಾಟ, ಕಿರುಚಾಟ ಗಮನಿಸದೆ ಬಿಡಬಹುದು. ಒದೆಯುವುದನ್ನು ಬಿಡಬೇಡಿ, ತಕ್ಷಣ ತಡೆಯಿರಿ. ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವ ಮಗುವಿಗೆ ಟಿವಿ ಸಾಲದು, ಮಕ್ಕಳ ಮನೋತಜ್ಞರ ಹತ್ತಿರ ಹೋಗಿ.

ಪ್ರಶ್ನೆ: ಎರಡೇಟು ಕೊಟ್ಟರೆ ಸರಿಹೋಗಲ್ವಾ?

ಉತ್ತರ: ಇಲ್ಲ. ಮಗು ಹೊಡೆಯುವುದನ್ನು ಕಲಿಯುತ್ತದೆ, ಅಷ್ಟೇ.

ಪ್ರಶ್ನೆ: ವಾರದಲ್ಲಿ ಹಟ ಬಿಡಿಸುವ ಸಿರಪ್ ಜಾಹೀರಾತು ನೋಡಿದೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಹಟಕ್ಕೆ ಸಿರಪ್ ಇಲ್ಲ, ಮಾರುವವರು ಮೋಸಗಾರರು. ಈಗಾಗಲೇ ಕುಡಿಸಿದ್ದರೆ ಬಾಟಲಿ ಸಮೇತ ಮಕ್ಕಳ ಡಾಕ್ಟರಿಗೆ ತೋರಿಸಿ.