ಸ್ಕೂಟರ್ ಹೊಗೆ ತಪಾಸಣೆಯಲ್ಲಿ ಫೇಲಾದರೆ

ಪ್ರಶ್ನೆ: ನನ್ನ 2012ರ ಫೋರ್-ಸ್ಟ್ರೋಕ್ ಸ್ಕೂಟರ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 5 ಬಂತು. ಏನು ಮಾಡಲಿ?

ಉತ್ತರ: ನಿಮ್ಮ ಗಾಡಿಗಿರುವ ಮಿತಿ ಶೇ 3.5. ಗಾಳಿ ಕಡಿಮೆಯಾಗಿ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಲೇಪಿಸಿದ ಕಾಗದದ ಫಿಲ್ಟರಾದರೆ ತೊಳೆಯಬೇಡಿ, ಗಾಳಿಯನ್ನೂ ಹೊಡೆಸಬೇಡಿ, ಹೊಸದನ್ನೇ ಹಾಕಿಸಿ. ಆಮೇಲೆ ಚೋಕ್ (ತಣ್ಣಗಿನ ಎಂಜಿನ್ ಶುರು ಮಾಡಲು ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಿಸುವ ವ್ಯವಸ್ಥೆ) ಪೂರ್ತಿ ಬಿಡುತ್ತಿದೆಯೇ, ಸ್ಪಾರ್ಕ್ ಪ್ಲಗ್ ಮೇಲೆ ಕಪ್ಪು ಮಸಿ ಕೂತಿದೆಯೇ ಪರೀಕ್ಷಿಸಿ. ಕಾರ್ಬ್ಯುರೇಟರ್‌ನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಕೊನೆಗಿರಲಿ. ಅದನ್ನು ತಿರುಗಿಸುವ ದಿಕ್ಕು ಮಾದರಿಯಿಂದ ಮಾದರಿಗೆ ಬೇರೆ, ಹಾಗಾಗಿ ಅಂದಾಜಿನಲ್ಲಿ ಮುಟ್ಟದೆ ಹೊಗೆ ಅಳೆಯುವ ಯಂತ್ರ ಇಟ್ಟುಕೊಂಡೇ ಹೊಂದಿಸಬೇಕು. ಹತ್ತು ನಿಮಿಷ ಓಡಿಸಿ, ಎಂಜಿನ್ ಬಿಸಿಯಾದ ಮೇಲೆಯೇ ತಪಾಸಣೆಗೆ ಕೊಡಿ.

ಪಾಸಾದರೂ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದು ತಪ್ಪುವುದಿಲ್ಲ. ಈ ತಪಾಸಣೆ ಅದಕ್ಕೆ ಮಿತಿ ಹಾಕುವುದಿಲ್ಲ.